ಸಣ್ಣ ಟ್ರೇಲರ್‌ನ ಮಾರ್ಪಾಡು: ಠಾಣೆ–ನವಿ ಮುಂಬಯಿ ಪ್ರದೇಶ

ಜನರೇಟರ್, ಕಂಪ್ರೆಸರ್, ನೀರಿನ ಟ್ಯಾಂಕು ಇಲ್ಲವೇ ಸಾಮಾನು ಹೊತ್ತು, ಮುಂದಿನ ವಾಹನದ ಹುಕ್ಕಿಗೆ ಜೋಡಿಸಿಕೊಂಡು ಸಾಗುವ ಒಂದೇ ಆಕ್ಸಲ್‌ನ ಗಾಡಿ; ಆಡುಮಾತಿನಲ್ಲಿ ಟ್ರಾಲಿ. ಈ ಭಾಗದಲ್ಲಿ ಅದರ ನಿಜವಾದ ಪರೀಕ್ಷೆ ಘೋಡ್‌ಬಂದರ್ ರಸ್ತೆಯ ಗಾಯಮುಖ ಇಳಿಜಾರಿನಲ್ಲಿ, ಮುಂಬ್ರಾ ಬೈಪಾಸಿನ ತಿರುವುಗಳಲ್ಲಿ, ನಾವಾ ಶೇವಾ ಬಂದರಿನ ಕಂಟೇನರ್ ಲಾರಿಗಳ ನಡುವೆ.

ಟ್ರಾಲಿ ಬಾಲ ಬೀಸುತ್ತ ಅತ್ತಿತ್ತ ಓಲಾಡುವುದಕ್ಕೆ ಬಹುಮಟ್ಟಿಗೆ ತಪ್ಪು ಹೇರಿಕೆಯೇ ಕಾರಣ. ಹೆಚ್ಚು ಶಕ್ತಿಯ ಎಂಜಿನ್ ಅದನ್ನು ನಿಲ್ಲಿಸಲಾರದು. ಒಟ್ಟು ತೂಕದ ಶೇ. 10ರಿಂದ 15ರಷ್ಟು ಹುಕ್ಕಿನ ಮೇಲೆ ಕೂರಬೇಕು. 500 ಕಿಲೊ ಟ್ರಾಲಿಗೆ ಇದು 50ರಿಂದ 75 ಕಿಲೊ. ಹುಕ್ಕಿನಿಂದ ಆಕ್ಸಲ್‌ವರೆಗೆ 2.5 ಮೀಟರ್ ಇದ್ದರೆ ಭಾರದ ಕೇಂದ್ರ ಆಕ್ಸಲ್‌ಗಿಂತ 25ರಿಂದ 37 ಸೆಂ.ಮೀ. ಮುಂದಿರಬೇಕು. ಟ್ರಾಲಿಯನ್ನು ಮಟ್ಟವಾಗಿ ನಿಲ್ಲಿಸಿ, ಅದರ ಮುಂತುದಿಯ ಕೆಳಗೆ ತೂಕದ ಯಂತ್ರ ಇಟ್ಟು ನೋಡಬಹುದು. ಇಳಿಸಲು ಸುಲಭವೆಂದು ಜನರೇಟರನ್ನು ಹಿಂಬಾಗಿಲಿಗೆ ಒತ್ತಿ ಇಡುವುದು ಅಪಾಯದ ರೂಢಿ: ಹಿಂದೆ ಹೇರು ಹೆಚ್ಚಾದ ಎತ್ತಿನ ಗಾಡಿಯಂತೆ ಟ್ರಾಲಿಯ ಮೂಕಿ (ಹುಕ್ಕಿಗೆ ಜೋಡಿಸುವ ಮುಂದಿನ ದಂಡ) ಮೇಲೇಳುತ್ತದೆ, ಎಳೆಯುವ ವಾಹನದ ಹಿಂಚಕ್ರಗಳ ಹಿಡಿತ ಸಡಿಲುತ್ತದೆ.

ಮೂಕಿಯನ್ನು ಉದ್ದ ಮಾಡಿದರೆ ಓಲಾಟ ತಗ್ಗುತ್ತದೆ, ರಿವರ್ಸ್ ತೆಗೆಯುವುದೂ ಸಲೀಸು. ಆದರೆ ತಿರುವಿನಲ್ಲಿ ಟ್ರಾಲಿಯ ಚಕ್ರ ಇನ್ನಷ್ಟು ಒಳಕ್ಕೆ ಕತ್ತರಿಸಿಕೊಂಡು ಬರುತ್ತದೆ. ಡೊಂಬಿವಲಿ ಸ್ಟೇಷನ್ ಸುತ್ತಿನ ಇಕ್ಕಟ್ಟಿನ ಗಲ್ಲಿಗಳಲ್ಲಿ ಇದು ಸಣ್ಣ ಮಾತಲ್ಲ. ಅರ್ಧ ತುಂಬಿದ ಟ್ಯಾಂಕಿನ ನೀರು ಹೊಯ್ದಾಡದಂತೆ ಒಳಗೆ ತೂತುಳ್ಳ ಅಡ್ಡ ತಗಡುಗಳನ್ನು ಕೂರಿಸದಿದ್ದರೆ ಬೇರೆಲ್ಲ ಸುಧಾರಣೆಯೂ ವ್ಯರ್ಥ. ಸೇಫ್ಟಿ ಚೈನುಗಳನ್ನು ಮೂಕಿಯ ಕೆಳಗೆ ಅಡ್ಡಡ್ಡ ಕಟ್ಟಬೇಕು: ಹುಕ್ಕು ಕಳಚಿದರೆ ಮೂಕಿ ರಸ್ತೆಗೆ ನಾಟದೆ ಅವುಗಳ ಮೇಲೆ ಬೀಳುತ್ತದೆ. ಓಲಾಟ ಶುರುವಾದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಬೇಕು. ಗಕ್ಕನೆ ಬ್ರೇಕ್ ಒತ್ತಬಾರದು.

ಇಲ್ಲಿನ ಟ್ರಾಫಿಕ್ಕಿನ ವೇಗದಲ್ಲಿ ಇಂಧನ ತಿನ್ನುವುದು ಗಾಳಿಯ ತಡೆಗಿಂತ ಹೆಚ್ಚಾಗಿ ಗಾಳಿ ಕಡಿಮೆಯಾದ ಟೈರು, ಗ್ರೀಸ್ ಒಣಗಿದ ಬೇರಿಂಗು, ಸೊಟ್ಟಗೆ ಕೂತ ಆಕ್ಸಲ್. ಮಳೆಗಾಲದಲ್ಲಿ ನೀರು ನಿಂತ ರಸ್ತೆ ದಾಟಿದ ಮೇಲೆ ಬೇರಿಂಗ್ ಬಿಚ್ಚಿ ಹೊಸ ಗ್ರೀಸ್ ತುಂಬಬೇಕು.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ನೋಂದಣಿಯ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂಥ ಬದಲಾವಣೆಯನ್ನು ನಿಷೇಧಿಸುತ್ತದೆ. ಆಕ್ಸಲ್ ಸರಿಸುವ, ಮೂಕಿ ಉದ್ದ ಮಾಡುವ ವೆಲ್ಡಿಂಗ್‌ಗೆ ಮುನ್ನ ಠಾಣೆ (ಎಂಎಚ್ 04), ಕಲ್ಯಾಣ (ಎಂಎಚ್ 05) ಅಥವಾ ನವಿ ಮುಂಬಯಿ (ಎಂಎಚ್ 43) ಆರ್‌ಟಿಒದಲ್ಲಿ ವಿಚಾರಿಸುವುದು ಅಗತ್ಯ. 61ನೇ ಕಲಮಿನಂತೆ ಎಳೆಯುವ ವಾಹನದ ನಂಬರು ಟ್ರೇಲರ್ ಮೇಲೂ ಕಾಣುವಂತಿರಬೇಕು.