ಭಿನ್ನಮತದ ಟಿಪ್ಪಣಿ

ಯುಗಾದಿಗೆ ಇನ್ನು ಎರಡು ದಿನವಿತ್ತು. ಸರಸ್ವತಿಪುರಂನ ನಮ್ಮ ಮನೆಯ ಜಗುಲಿಯಲ್ಲಿ ಮೊಮ್ಮಗಳು ಪುಸ್ತಕಗಳ ನಡುವೆ ಕೂತಿದ್ದಳು. ಅವಳದು ಅರ್ಥಶಾಸ್ತ್ರದ ಆನರ್ಸ್. ಪರೀಕ್ಷೆಗೆಂದು ರಜೆ ಹಾಕಿ ಓದಲು ಬಂದವಳು.

"ಅಜ್ಜಿ, ಈ ಆಸ್ಟ್ರಿಯನ್ ಪಂಥ ತಲೆಗೇ ಹತ್ತುತ್ತಿಲ್ಲ" ಎಂದಳು.

ನನ್ನ ಎದೆ ಧಸಕ್ಕೆಂದಿತು. ನಾನು ಎಂ.ಎ. ಓದುವಾಗ ನಮ್ಮ ಮೇಷ್ಟ್ರೊಬ್ಬರು, "ಅದು ಬಿಡಿ, ಪರೀಕ್ಷೆಗೆ ಬರುವುದಿಲ್ಲ" ಎಂದಿದ್ದರು. ಬಿಟ್ಟೆ. 1975ರ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಆ ಪಂಥದ ಹಯೆಕ್ ಅವರಿಗೆ ಹಿಂದಿನ ವರ್ಷವಷ್ಟೇ ನೊಬೆಲ್ ಬಂದಿತ್ತು. ನನ್ನ ಉತ್ತರ ಪತ್ರಿಕೆಯಲ್ಲಿ ಒಂದು ಪುಟ ಖಾಲಿ ಉಳಿಯಿತು.

"ಏಳು, ಹೂವು ತರೋಣ" ಎಂದು ಅವಳನ್ನು ದೇವರಾಜ ಮಾರುಕಟ್ಟೆಗೆ ಎಬ್ಬಿಸಿಕೊಂಡು ಹೋದೆ. ಮಲ್ಲಿಗೆಯ ಬೆಲೆ ಹಿಂದಿನ ದಿನದ ಎರಡರಷ್ಟಾಗಿತ್ತು. ಕಟ್ಟುವ ಕೈ ಅದೇ, ದಾರ ಅದೇ. ಬೆಲೆ ಮಾತ್ರ ಯಾಕೆ ಏರಿತು? 1871ರಲ್ಲಿ ವಿಯೆನ್ನಾದ ಕಾರ್ಲ್ ಮೆಂಗರ್ ಹೇಳಿದ್ದು ಇದನ್ನೇ: ಮೌಲ್ಯ ವಸ್ತುವಿನೊಳಗೆ ಕೂತಿರುವುದಿಲ್ಲ, ಬೇಕೆನ್ನುವವರ ಮನಸ್ಸಿನಲ್ಲಿರುತ್ತದೆ. ತೋಟದಲ್ಲಿ ಎಷ್ಟು ಮೊಗ್ಗು ಬಿಟ್ಟಿದೆ, ಊರಲ್ಲಿ ಎಷ್ಟು ಮದುವೆಗಳಿವೆ ಎಂಬುದೆಲ್ಲ ಹೂವಿನಾಕೆಗೆ ಗೊತ್ತಿಲ್ಲ. ಸಾವಿರ ಜನರಲ್ಲಿ ಚೆದುರಿದ ಆ ತಿಳಿವಳಿಕೆಯನ್ನು ಬೆಲೆಯೇ ಅವಳಿಗೆ ಮುಟ್ಟಿಸುತ್ತದೆ. ಇದು ಹಯೆಕ್ 1945ರಲ್ಲಿ ಬರೆದ ಪ್ರಬಂಧದ ಸಾರ. ಒಂದು ಕಚೇರಿಯಲ್ಲಿ ಕೂತು ಇಡೀ ದೇಶದ ಬೆಲೆ ಗೊತ್ತುಮಾಡಲಾಗದು ಎಂಬ ಅವರ ವಾದ ಇಲ್ಲಿಂದಲೇ ಹೊರಟಿದ್ದು.

"ಇದೆಲ್ಲ ಯುರೋಪಿನ ಕಥೆಯಾಯಿತು" ಎಂದಳು.

ಅಲ್ಲ ಕಣೇ, ನಮ್ಮೂರ ಕಥೆಯೂ ಹೌದು. ನನ್ನ ತವರು ಕಾಸರಗೋಡು. ಅಲ್ಲೇ ಕಾಞಂಗಾಡಿನ ಹತ್ತಿರದ ಬೆಳ್ಳಿಕೋತ್ ಎಂಬ ಹಳ್ಳಿಯಲ್ಲಿ 1905ರಲ್ಲಿ ಬಿ. ಆರ್. ಶೆಣೈ ಹುಟ್ಟಿದರು. ಆಗ ಅದು ದಕ್ಷಿಣ ಕನ್ನಡಕ್ಕೆ ಸೇರಿತ್ತು. ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿ ಲಂಡನ್ನಿಗೆ ಹೋದ ಅವರು 1931ರಲ್ಲಿ ಅಲ್ಲಿ ಹಯೆಕ್ ಅವರ ಉಪನ್ಯಾಸ ಕೇಳಿದರು.

1955ರಲ್ಲಿ ಎರಡನೆಯ ಪಂಚವಾರ್ಷಿಕ ಯೋಜನೆಯ ಕರಡನ್ನು ನೋಡಲು ಸರ್ಕಾರ ಅರ್ಥಶಾಸ್ತ್ರಜ್ಞರ ಮಂಡಳಿ ನೇಮಿಸಿತು. ಹೆಸರಾಂತರೆಲ್ಲ ಒಪ್ಪಿ ಸಹಿ ಹಾಕಿದರು. ಶೆಣೈ ಒಬ್ಬರೇ ಭಿನ್ನಮತದ ಟಿಪ್ಪಣಿ ಬರೆದರು. ಯೋಜನೆ ನಮ್ಮ ಉಳಿತಾಯಕ್ಕಿಂತ ದೊಡ್ಡದು, ನೋಟು ಅಚ್ಚು ಹಾಕಿ ಕೊರತೆ ತುಂಬಿದರೆ ಬೆಲೆ ಏರುತ್ತದೆ, ನಿಯಂತ್ರಣಗಳನ್ನು ಸಡಿಲಿಸಿ ಎಂದರು. ಯೋಜನೆಯಲ್ಲಿ ಕೊರತೆ ಹಣವೆಂದು ತೋರಿಸಿದ್ದು 1,200 ಕೋಟಿ ರೂಪಾಯಿ. 1957ರ ಹೊತ್ತಿಗೆ ವಿದೇಶಿ ವಿನಿಮಯದ ಮುಗ್ಗಟ್ಟು ಬಂದೇ ಬಂತು. 1978ರಲ್ಲಿ ಅವರು ತೀರಿಕೊಂಡರು. ದೇಶ ಕೈಗಾರಿಕಾ ಲೈಸೆನ್ಸುಗಳಲ್ಲಿ ಬಹುಪಾಲನ್ನು ಕೈಬಿಟ್ಟದ್ದು 1991ರಲ್ಲಿ.

ಅವರ ಮಗಳು ಸುಧಾ ಶೆಣೈ ಕೂಡ ಅರ್ಥಶಾಸ್ತ್ರಜ್ಞೆ. ಹಣದುಬ್ಬರದ ಬಗ್ಗೆ ಹಯೆಕ್ ಬರೆದದ್ದನ್ನು ಆಯ್ದು 1972ರಲ್ಲಿ ಪುಸ್ತಕ ಮಾಡಿದಾಗ ಆಕೆಗೆ ಮೂವತ್ತು ತುಂಬಿರಲಿಲ್ಲ. ಅದರ ಹೆಸರು ನಮ್ಮ 'ಹುಲಿಯ ಬಾಲ ಹಿಡಿದಂತೆ' ಎನ್ನುವ ಗಾದೆಯ ಹಾಗೇ ಇದೆ: 'ಎ ಟೈಗರ್ ಬೈ ದ ಟೇಲ್'. ಮುಂದೆ ಆಕೆ ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿ ಪಾಠ ಹೇಳಿದರು. ನಾನು ಖಾಲಿ ಪುಟ ಕೊಟ್ಟು ಬಂದ ಪ್ರಶ್ನೆಗೆ, ನನ್ನದೇ ಸೀಮೆಯ ಮನೆತನದ ಒಬ್ಬ ಹೆಣ್ಣುಮಗಳು ಅಷ್ಟರಲ್ಲೇ ಪುಸ್ತಕ ಕಟ್ಟಿದ್ದಳು. ಅದು ನನಗೆ ತಿಳಿದದ್ದು ಕೂದಲು ನೆರೆತ ಮೇಲೆ.

ಹಾಗೆಂದು ಶೆಣೈ ಹೇಳಿದ್ದೆಲ್ಲ ಸರಿಯೆಂದು ನಾನು ಒಪ್ಪಲಾರೆ. ರೇಷನ್ ಅಂಗಡಿಯ ಅಕ್ಕಿ ಉಂಡು ಬೆಳೆದವಳು ನಾನು. ಮಾರುಕಟ್ಟೆಗೆ ಹಸಿವು ಕೇಳಿಸುವುದಿಲ್ಲ, ಕೈಯಲ್ಲಿ ದುಡ್ಡಿದ್ದವರ ಹಸಿವು ಕೇಳಿಸುತ್ತದೆ. ಮೊಮ್ಮಗಳಿಗೆ ಅದನ್ನೂ ಹೇಳಿದೆ.

ಅವಳು ಹೂವಿನ ಪೊಟ್ಟಣ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಡೆದಳು. "ಪರೀಕ್ಷೆಯಲ್ಲಿ ನನಗನಿಸಿದ್ದು ಬರೆದರೆ ಮಾರ್ಕ್ಸ್ ಹೋಗಲ್ವಾ ಅಜ್ಜಿ?"

"ನೋಟ್ಸಿನಲ್ಲಿದ್ದಷ್ಟೇ ಬರೆ" ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ನನಗೆ ಸಿಕ್ಕಿದ್ದೂ ಅಂಥ ಬುದ್ಧಿವಾದವೇ. ನುಂಗಿಕೊಂಡೆ.

"ಮೊದಲು ಅವರ ವಾದವನ್ನು ಅವರೇ ಮೆಚ್ಚುವ ಹಾಗೆ ಬರೆ. ಆಮೇಲೆ ನೀನು ಎಲ್ಲಿ ಒಪ್ಪುವುದಿಲ್ಲವೋ ಅದನ್ನು ಕಾರಣ ಕೊಟ್ಟು ಬರೆ. ಮಾರ್ಕ್ಸ್ ಹೋದರೆ ಹೋಗಲಿ, ಹಾಳೆ ಮಾತ್ರ ಖಾಲಿ ಬಿಡಬೇಡ."

ಆ ರಾತ್ರಿ ಹನ್ನೊಂದಾದರೂ ಜಗುಲಿಯ ದೀಪ ಉರಿಯುತ್ತಿತ್ತು. ಕಾಫಿ ಕೊಡಲು ಹೋದವಳು ಅವಳ ಹೆಗಲ ಮೇಲಿಂದ ಇಣುಕಿದೆ. ರೇಷನ್ ಅಂಗಡಿಯ ಬಗ್ಗೆ ನಾನು ಹೇಳಿದ್ದನ್ನು ಬರೆದು, ಅದರ ಕೆಳಗೆ 'ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ' ಎಂದು ಶುರುಮಾಡಿದ್ದಳು.