ಕನ್ನಂಬಾಡಿಯಿಂದ ಬ್ಯಾಟರಿಯವರೆಗೆ

ಕರ್ನಾಟಕದಲ್ಲಿ ವಿದ್ಯುತ್ತಿನ ಚರಿತ್ರೆಯನ್ನು ಉತ್ಪಾದನೆಯ ಸಾಹಸವಾಗಿ ಹೇಳುವುದೇ ವಾಡಿಕೆ. ಮೈಸೂರಿನ ದಿವಾನ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಶಿವನಸಮುದ್ರ ಯೋಜನೆ 1902ರಲ್ಲಿ ಫಲ ಕೊಟ್ಟಿತು. ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. ಇದೆಲ್ಲ ಹೆಮ್ಮೆಪಡಬೇಕಾದ ಸಂಗತಿಯೇ. ಆದರೆ ಈ ನಾಡಿನ ವಿದ್ಯುತ್ತಿನ ದಿಕ್ಕನ್ನು ಮತ್ತೆ ಮತ್ತೆ ನಿರ್ಧರಿಸಿದ್ದು ಸಂಗ್ರಹದ ಪ್ರಶ್ನೆ: ಹೇರಳವಾಗಿ ಸಿಗುವಾಗ ಕೂಡಿಟ್ಟು, ಬೇಕಾದಾಗ ಹೇಗೆ ಬಳಸುವುದು? ವಿದ್ಯುತ್ ವಾಹನ ಮತ್ತು ಬ್ಯಾಟರಿಗಳ ಬಗ್ಗೆ ಇಂದು ನಡೆಯುತ್ತಿರುವ ಚರ್ಚೆ ಅದೇ ಪ್ರಶ್ನೆಯ ಹೊಸ ಅಧ್ಯಾಯ. ಹಳೆಯ ಅಧ್ಯಾಯಗಳನ್ನು ಓದದೆ ಇದನ್ನು ಸರಿಯಾಗಿ ಬರೆಯಲಾಗದು.

ಶಿವನಸಮುದ್ರದ ಯಂತ್ರಗಳು ತಿರುಗುತ್ತಿದ್ದುದು ಕಾವೇರಿಯ ಸಹಜ ಹರಿವಿನಿಂದ. ಮಳೆಗಾಲದಲ್ಲಿ ನದಿ ಉಕ್ಕಿ ಹರಿದರೆ, ಬೇಸಿಗೆಯಲ್ಲಿ ಸೊರಗುತ್ತಿತ್ತು. ಗಣಿಗಳಿಗಾದರೋ ವರ್ಷವಿಡೀ ಒಂದೇ ಪ್ರಮಾಣದ ವಿದ್ಯುತ್ ಬೇಕು. ಈ ಅಂತರವನ್ನು ತುಂಬಬೇಕಾದರೆ ಮೇಲ್ಭಾಗದಲ್ಲಿ ನೀರನ್ನು ತಡೆದು ನಿಲ್ಲಿಸುವುದು ಅನಿವಾರ್ಯವಾಗಿತ್ತು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದ ವಿಶ್ವೇಶ್ವರಯ್ಯನವರು ಕನ್ನಂಬಾಡಿ ಕಟ್ಟೆಗಾಗಿ ಮಂಡಿಸಿದ ವಾದದಲ್ಲಿ ನೀರಾವರಿಯ ಜೊತೆಗೆ ಗಣಿಗಳ ವಿದ್ಯುತ್ ಪೂರೈಕೆಗೂ ಅದರಿಂದ ಬರುವ ಆದಾಯಕ್ಕೂ ಮುಖ್ಯ ಸ್ಥಾನವಿತ್ತು. 1911ರಲ್ಲಿ ಕೆಲಸ ಶುರುವಾಯಿತು. ಆ ಕಟ್ಟೆಯೇ ಕೃಷ್ಣರಾಜಸಾಗರ. ಮಂಡ್ಯದ ಗದ್ದೆಗಳ ತಾಯಿ ಎಂದು ನಾವು ನೆನೆಯುವ ಅದು ಶಿವನಸಮುದ್ರದ ಬೇಸಿಗೆಯ ಕೊರತೆಯನ್ನು ನೀಗಿಸಲೆಂದೂ ಹುಟ್ಟಿದ್ದು. ಸುಗ್ಗಿಯ ಕಾಳನ್ನು ಹಗೇವಿನಲ್ಲಿ ತುಂಬಿಟ್ಟು ಬರಗಾಲಕ್ಕೆ ತೆಗೆಯುವ ವಿವೇಕವೇ ಇಲ್ಲಿ ನೀರಿನ ರೂಪ ತಾಳಿತ್ತು. ಶರಾವತಿಯಲ್ಲೂ ಇದೇ ನಡೆಯಿತು. 1948ರಲ್ಲಿ ಆರಂಭವಾದ ಜೋಗದ ವಿದ್ಯುದಾಗಾರಕ್ಕೆ ಹಿರೇಭಾಸ್ಕರ ಜಲಾಶಯ ಆಸರೆಯಾಗಿತ್ತು. ಬೇಡಿಕೆ ಬೆಳೆದಂತೆ ಅದು ಸಾಲದಾಗಿ, 1964ರಲ್ಲಿ ಮುಗಿದ ಲಿಂಗನಮಕ್ಕಿಯ ಹಿನ್ನೀರು ಆ ಹಳೆಯ ಕಟ್ಟೆಯನ್ನೇ ನುಂಗಿತು.

ಈ ಸಂಗ್ರಹಕ್ಕೆ ಬೆಲೆ ತೆತ್ತವರು ಯಾರು ಎಂಬುದೂ ಚರಿತ್ರೆಯ ಭಾಗವೇ. ಹಳೆಯ ಕನ್ನಂಬಾಡಿ ಊರು ನೀರಿನಡಿ ಸೇರಿತು. ಲಿಂಗನಮಕ್ಕಿಗಾಗಿ ಸಾಗರ, ಹೊಸನಗರ ಸೀಮೆಯ ಸಾವಿರಾರು ಕುಟುಂಬಗಳು ತೋಟ, ಮನೆ ಬಿಟ್ಟು ಎದ್ದವು. ಮುಳುಗಡೆ ಸಂತ್ರಸ್ತರ ಭೂಮಿಯ ಹಕ್ಕಿನ ಹೋರಾಟ ಈ ಶತಮಾನದಲ್ಲೂ ಮುಂದುವರಿದಿದೆ. ಅಷ್ಟು ತ್ಯಾಗದ ಮೇಲೂ ಮಳೆ ಕೈಕೊಟ್ಟ ವರ್ಷ ಜಲಾಶಯ ಬರಿದಾಗಿ ಕಾರ್ಖಾನೆಗಳು ವಿದ್ಯುತ್ ಕಡಿತ ಎದುರಿಸುತ್ತಿದ್ದವು. 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರ ಶುರುವಾಗುವವರೆಗೆ ರಾಜ್ಯದ ಸ್ವಂತ ಉತ್ಪಾದನೆ ಬಹುಪಾಲು ನೀರನ್ನೇ ನಂಬಿತ್ತು. ಒಂದೇ ಬಗೆಯ ಸಂಗ್ರಹವನ್ನು ನೆಚ್ಚಿ ಕೂರಬಾರದೆಂಬ ಪಾಠ ಇಲ್ಲಿದೆ.

ಈಗ ಕೊರತೆಯ ಸ್ವರೂಪ ಬದಲಾಗಿದೆ. ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ ಇದೆ. ಮಧ್ಯಾಹ್ನ ಉಕ್ಕುವ ಈ ವಿದ್ಯುತ್ ಮನೆಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ ಇರುವುದಿಲ್ಲ. ಮುಂಗಾರು ಮತ್ತು ಬೇಸಿಗೆಯ ನಡುವಿನ ಅಂತರದ ಜೊತೆಗೆ ಮಧ್ಯಾಹ್ನ ಮತ್ತು ಸಂಜೆಯ ನಡುವಿನ ಅಂತರವೂ ಸೇರಿಕೊಂಡಿದೆ. ಬ್ಯಾಟರಿ ಹೇಳಿ ಮಾಡಿಸಿದಂತೆ ಹೊಂದುವುದು ಇಲ್ಲಿಯೇ. ಭಾರತದ ಮೊದಲ ವಿದ್ಯುತ್ ಕಾರುಗಳಲ್ಲಿ ಒಂದಾದ ರೇವಾ 2001ರಲ್ಲಿ ಬೆಂಗಳೂರಿನಿಂದಲೇ ರಸ್ತೆಗಿಳಿಯಿತು. 2017ರಲ್ಲಿ ವಿದ್ಯುತ್ ವಾಹನ ನೀತಿ ಪ್ರಕಟಿಸಿದ ದೇಶದ ಮೊದಲ ರಾಜ್ಯವೂ ಕರ್ನಾಟಕವೇ. ಆದರೆ ವಾಹನವನ್ನು ಪೆಟ್ರೋಲ್ ಉಳಿಸುವ ಸಾಧನವೆಂದಷ್ಟೇ ನೋಡಿದರೆ ಅದರ ಅರ್ಧ ಪ್ರಯೋಜನ ಕೈತಪ್ಪುತ್ತದೆ. ಅದರ ಬ್ಯಾಟರಿಯೂ ಒಂದು ಸಂಗ್ರಹವೇ, ಬೇಕಾದಾಗ ಗ್ರಿಡ್ಡಿಗೆ ಹಿಂದಿರುಗಿಸಬಹುದಾದದ್ದು: ತಲಾ 30 ಯೂನಿಟ್ ಹಿಡಿಯುವ ಒಂದು ಲಕ್ಷ ಕಾರುಗಳೆಂದರೆ 30 ಲಕ್ಷ ಯೂನಿಟ್. 1,035 ಮೆಗಾವ್ಯಾಟ್‌ನ ಶರಾವತಿ ವಿದ್ಯುದಾಗಾರ ಪೂರ್ಣ ಸಾಮರ್ಥ್ಯದಲ್ಲಿ ಹತ್ತಿರಹತ್ತಿರ ಮೂರು ಗಂಟೆ ಓಡಿದರೆ ಸಿಗುವಷ್ಟು.

ಬ್ಯಾಟರಿಯನ್ನು ಹೀಗೆ ಸಂಗ್ರಹವಾಗಿ ನೆಚ್ಚುವುದಕ್ಕೆ ಆಕ್ಷೇಪಗಳಿವೆ. ಜಲಾಶಯ ತಿಂಗಳುಗಟ್ಟಲೆ ಶಕ್ತಿಯನ್ನು ಹಿಡಿದಿಡುತ್ತದೆ, ಬ್ಯಾಟರಿ ಕೆಲವೇ ಗಂಟೆ ಎಂಬುದು ನಿಜ. ಆದ್ದರಿಂದ ಬ್ಯಾಟರಿ ಕನ್ನಂಬಾಡಿಗೆ ಬದಲಿಯಲ್ಲ. ಹಗಲು-ಸಂಜೆಯ ಭಾರವನ್ನು ಅದು ಹೊತ್ತರೆ, ನೀರನ್ನು ಬೇಸಿಗೆಗೆ ಉಳಿಸಬಹುದು. ಎಲ್ಲರೂ ಸಂಜೆ ಮನೆಗೆ ಬಂದು ಚಾರ್ಜಿಗೆ ಹಾಕಿದರೆ ಗ್ರಿಡ್ ಕುಸಿಯದೇ ಎನ್ನುವವರ ಆತಂಕವೂ ಸಕಾರಣವೇ. ಉತ್ತರ ಇರುವುದು ಹೊತ್ತಿನಲ್ಲಿ: ಕಚೇರಿ, ಕಾರ್ಖಾನೆ, ಬಸ್ ಡಿಪೊಗಳಲ್ಲಿ ಹಗಲು ಚಾರ್ಜ್ ಮಾಡುವ ಏರ್ಪಾಡಿದ್ದು, ಆ ಹೊತ್ತಿನ ದರ ಕಡಿಮೆಯಿದ್ದರೆ, ವಾಹನದಿಂದ ಗ್ರಿಡ್ಡಿಗೆ ಒಂದು ಯೂನಿಟ್ಟೂ ಹಿಂದಿರುಗದಿದ್ದರೂ ಸಂಜೆಯ ಭಾರ ಏರುವುದಿಲ್ಲ. ಲಿಥಿಯಂ ಗಣಿಗಾರಿಕೆ ದೂರದ ನಾಡುಗಳ ಜನರಿಗೂ ನೀರಿಗೂ ತರುವ ಸಂಕಟ ಮೂರನೆಯ ಆಕ್ಷೇಪ, ಎಲ್ಲಕ್ಕಿಂತ ಗಂಭೀರವಾದದ್ದು. ಶರಾವತಿಯ ಕಣಿವೆಯಲ್ಲಿ ನೀರನ್ನು ಮೇಲಕ್ಕೆತ್ತಿ ಕೂಡಿಡುವ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಕಾಡಿನ ಹೆಸರಿನಲ್ಲಿ ಪ್ರಶ್ನಿಸುವ ನಾವು ಆ ಸಂಕಟದತ್ತ ಕಣ್ಣು ಮುಚ್ಚಲಾಗದು. ವಾಹನಕ್ಕೆ ಸಾಲದಾದ ಬ್ಯಾಟರಿಯನ್ನು ಗ್ರಿಡ್ಡಿನಲ್ಲಿ ಇನ್ನಷ್ಟು ಕಾಲ ದುಡಿಸುವುದು, ಕೊನೆಗೆ ಅದರ ಲೋಹಗಳನ್ನು ಮರಳಿ ತೆಗೆಯುವುದು ಕಡ್ಡಾಯವಾಗಬೇಕು.

ಕನ್ನಂಬಾಡಿಯನ್ನು ಕಟ್ಟಿದವರು ಸಂಗ್ರಹವನ್ನು ಸಾರ್ವಜನಿಕ ಕಾರ್ಯವೆಂದು ತಿಳಿದು, ಅದಕ್ಕೆ ಖಜಾನೆಯ ಹಣವನ್ನೂ ದಶಕಗಳ ದುಡಿಮೆಯನ್ನೂ ಹಾಕಿದರು. ಇಂದಿನ ಸಂಗ್ರಹ ಜನರ ಮನೆಯಂಗಳದಲ್ಲಿ ಚದುರಿದೆ. ಹಾಗೆಂದು ಅದು ಖಾಸಗಿ ವಿಷಯವಾಗುವುದಿಲ್ಲ. ವಾಹನ ಕೊಳ್ಳಲು ರಿಯಾಯಿತಿ ಕೊಟ್ಟು ಸರ್ಕಾರ ಕೈತೊಳೆದುಕೊಳ್ಳಬಾರದು. ಹಗಲಿನ ದರ, ಹಗಲಿನ ಚಾರ್ಜಿಂಗ್ ತಾಣ, ಹಳೆಯ ಬ್ಯಾಟರಿಗಳ ಮರುಬಳಕೆ, ಈ ಮೂರನ್ನೂ ವಿದ್ಯುತ್ ಯೋಜನೆಯ ಒಡಲಿಗೆ ತರಬೇಕು. ಅಣೆಕಟ್ಟಿನ ಕಾಲದಲ್ಲಿ ಸಂತ್ರಸ್ತರಿಗೆ ಬಾಕಿ ಉಳಿಸಿಕೊಂಡ ನ್ಯಾಯವನ್ನು ಬ್ಯಾಟರಿಯ ಕಾಲದಲ್ಲಿ ಮತ್ತೆ ಬಾಕಿ ಉಳಿಸಿಕೊಳ್ಳಕೂಡದು.