‘ತಗೊಳವಲ್ದು’: ರಂಗಂಪೇಟೆಯ ಕೆಲವು ಸಿಡಿಗಳನ್ನು ಓದಿಸುವಾಗ ಕಂಡದ್ದು

ರಂಗಂಪೇಟೆಯಲ್ಲಿ ಸಿಡಿ ಕೆಟ್ಟರೂ, ಡ್ರೈವ್ ಕೆಟ್ಟರೂ, ಕಂಪ್ಯೂಟರಿನೊಳಗೆ ಮತ್ತೇನೋ ತಪ್ಪಿದರೂ ಜನ ಆಡುವ ಮಾತು ಒಂದೇ: ‘ತಗೊಳವಲ್ದು.’ ಯಾರು ಯಾರನ್ನು ತೆಗೆದುಕೊಳ್ಳುತ್ತಿಲ್ಲ ಎಂಬುದು ಆ ಮಾತಿನಲ್ಲಿ ಇಲ್ಲ. ಕಂಪ್ಯೂಟರ್ ಡ್ರೈವನ್ನು ಗುರುತಿಸುತ್ತಿಲ್ಲವೋ, ಡ್ರೈವ್ ಡಿಸ್ಕನ್ನು ಗುರುತಿಸುತ್ತಿಲ್ಲವೋ? ಇವೆರಡೂ ಬೇರೆ ಬೇರೆ ದೋಷಗಳು, ಎರಡಕ್ಕೂ ಮದ್ದು ಬೇರೆ. ಇವುಗಳನ್ನು ಒಂದೆಂದು ತಿಳಿದದ್ದರಿಂದಲೇ ಓದಿಸಬಹುದಾಗಿದ್ದ ಡಿಸ್ಕುಗಳು ಕಸಕ್ಕೆ ಹೋಗಿವೆ, ಹೋಗುತ್ತಿವೆ. ಈ ಟಿಪ್ಪಣಿ ಬರೆಯಲು ಅದೇ ಕಾರಣ.

ಸುರಪುರಕ್ಕೆ ಅಂಟಿಕೊಂಡಿರುವ ಈ ಪೇಟೆಯಲ್ಲಿ ನಾನು ಹುಡುಕಿಕೊಂಡು ಹೋದದ್ದು ಹಾಡಿಕೆಯ ಧ್ವನಿಮುದ್ರಣಗಳನ್ನು: ಮೊಹರಂ ಪದಗಳು, ಕಡಕೋಳ ಮಡಿವಾಳಪ್ಪನವರ ತತ್ವಪದಗಳ ಭಜನೆ, ತಿಂಥಣಿ ಮೌನೇಶ್ವರರ ಜಾತ್ರೆಯ ರಾತ್ರಿಗಳು. ಮದುವೆಗೆ ಕರೆಸಿದ ವಿಡಿಯೊದವರೇ ಇವನ್ನೂ ಹಿಡಿದುಕೊಟ್ಟಿದ್ದರು. ಕ್ಯಾಮೆರಾದ ಕ್ಯಾಸೆಟ್‌ನಿಂದ ಸಿಡಿಗೆ ಇಳಿಸಿದ ಮೇಲೆ ಅದೇ ಕ್ಯಾಸೆಟ್ಟಿನ ಮೇಲೆ ಇನ್ನೊಂದು ಮದುವೆ ತುಂಬಿತು. ಹೀಗಾಗಿ ಮನೆಯಲ್ಲಿ ಉಳಿದ ಸಿಡಿಯೇ ಮೂಲಪ್ರತಿ, ಅದೇ ಏಕೈಕ ಪ್ರತಿ. ಒಂದು ಮನೆಯಲ್ಲಿ ಕಲ್ಲುಗೋಡೆಯ ಗೂಡಿನಿಂದ ಬಿಸ್ಕತ್ತಿನ ಡಬ್ಬಿ ಇಳಿಸಿ ನನ್ನ ಕೈಗಿಟ್ಟ ಹಿರಿಯರು, ‘ಇವು ಯಾವೂ ತಗೊಳವಲ್ದು ನೋಡ್ರಿ ಸರ್, ಒಗೀಬೇಕಂತ ಇಟ್ಟಿದ್ವಿ’ ಎಂದರು. ಆ ಡಬ್ಬಿಯ ಮೂರು ಡಿಸ್ಕುಗಳೇ ಇಲ್ಲಿನ ಮುಖ್ಯ ಆಧಾರ.

ಆದರೆ ಮೊದಲು ಕೈಕೊಟ್ಟದ್ದು ಆ ಡಿಸ್ಕುಗಳಲ್ಲ, ನನ್ನ ಡ್ರೈವ್. ಬೇರೆ ಸಿಡಿಯೊಂದರ ನಕಲು ತೆಗೆಯಲು ಒಂದು ಬರ್ನಿಂಗ್ ತಂತ್ರಾಂಶ ಹಾಕಿಕೊಂಡಿದ್ದೆ. ಕೆಲಸ ಮುಗಿದ ಮೇಲೆ ಅದನ್ನು ತೆಗೆದುಹಾಕಿದೆ. ಮರುದಿನ ‘ಮೈ ಕಂಪ್ಯೂಟರ್’ ತೆರೆದರೆ ಡ್ರೈವಿನ ಗುರುತೇ ಇಲ್ಲ. ಗುಂಡಿ ಒತ್ತಿದರೆ ಟ್ರೇ ಹೊರಗೆ ಬರುತ್ತದೆ, ಡಿಸ್ಕ್ ಹಾಕಿದರೆ ತಿರುಗುತ್ತದೆ, ದೀಪ ಮಿಣುಕುತ್ತದೆ. ಆದರೂ ವಿಂಡೋಸ್ ಪಾಲಿಗೆ ಅಂಥದೊಂದು ವಸ್ತುವೇ ಇಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಚಿಹ್ನೆ, ಪಕ್ಕದಲ್ಲಿ ಕೋಡ್ 39. ಡ್ರೈವ್ ಸುಟ್ಟಿದೆ, ಹೊಸದು ಹಾಕಿಸಿ ಎಂದು ರಿಪೇರಿಯವರೊಬ್ಬರು ಹೇಳಿದರು. ಹಾಕಿಸಿದ್ದರೆ ಹೊಸದೂ ಕಾಣಿಸುತ್ತಿರಲಿಲ್ಲ.

ಯಂತ್ರ ಸರಿಯಿದೆಯೋ ಇಲ್ಲವೋ ಎಂದು ತಿಳಿಯುವ ದಾರಿ ಸರಳ. ಪೆನ್ ಡ್ರೈವಿನಿಂದ ಲಿನಕ್ಸ್ ಚಾಲೂ ಮಾಡಿ ನೋಡಿದೆ. ಅಲ್ಲಿ ಅದೇ ಡ್ರೈವ್ ಕಂಡಿತು, ಡಿಸ್ಕನ್ನೂ ಓದಿತು. ಅಂದಮೇಲೆ ಕೇಬಲ್, ಮೋಟರು, ಲೇಸರ್ ಎಲ್ಲವೂ ಸರಿ, ತಪ್ಪು ವಿಂಡೋಸ್‌ನೊಳಗಿದೆ. ಬರ್ನಿಂಗ್ ತಂತ್ರಾಂಶಗಳಲ್ಲಿ ಹಲವು, ವಿಂಡೋಸ್‌ಗೂ ಡ್ರೈವಿಗೂ ನಡುವೆ ತಮ್ಮದೊಂದು ಫಿಲ್ಟರ್ ಡ್ರೈವರನ್ನು ಕೂರಿಸುತ್ತವೆ. ಪ್ರತಿಯೊಂದು ಆಜ್ಞೆಯೂ ಅದನ್ನು ದಾಟಿಯೇ ಹೋಗಬೇಕು. ತಂತ್ರಾಂಶ ತೆಗೆದಾಗ ಆ ಡ್ರೈವರಿನ ಫೈಲು ಹೋಗಿ ರಿಜಿಸ್ಟ್ರಿಯಲ್ಲಿ ಅದರ ಹೆಸರು ಮಾತ್ರ ಉಳಿದರೆ, ವಿಂಡೋಸ್ ಇಲ್ಲದ ಫೈಲನ್ನು ಹುಡುಕಿ, ಸಿಗದೆ, ಡ್ರೈವನ್ನೇ ಚಾಲೂ ಮಾಡುವುದಿಲ್ಲ. ಕೋಡ್ 19, 39 ಇಂಥ ಸ್ಥಿತಿಯಲ್ಲೇ ಹೆಚ್ಚಾಗಿ ಬರುತ್ತವೆ. ರಿಜಿಸ್ಟ್ರಿಯಲ್ಲಿ ಸಿಡಿ, ಡಿವಿಡಿ ಡ್ರೈವುಗಳ ವರ್ಗಕ್ಕೆ ಸೇರಿದ, ‘4ಡಿ36ಇ965’ ಎಂದು ಶುರುವಾಗುವ ಕೀಯನ್ನು ಮೊದಲು ಎಕ್ಸ್‌ಪೋರ್ಟ್ ಮಾಡಿ ಕಾದಿಟ್ಟುಕೊಂಡು, ಅದರೊಳಗಿನ ‘ಅಪ್ಪರ್‌ಫಿಲ್ಟರ್ಸ್’, ‘ಲೋಅರ್‌ಫಿಲ್ಟರ್ಸ್’ ಎಂಬೆರಡು ನಮೂದುಗಳನ್ನು ಅಳಿಸಿ ಕಂಪ್ಯೂಟರನ್ನು ಮರುಚಾಲನೆ ಮಾಡಿದೆ. ಡ್ರೈವ್ ಮರಳಿತು. ಆ ಫಿಲ್ಟರನ್ನು ನೆಚ್ಚಿದ ಬೇರೆ ತಂತ್ರಾಂಶವಿದ್ದರೆ ಅದನ್ನು ಮತ್ತೆ ಹಾಕಿಕೊಳ್ಳಬೇಕಾದೀತು, ಅಷ್ಟೆ.

ಲ್ಯಾಪ್‌ಟಾಪಿಗೆ ಯುಎಸ್‌ಬಿ ಡ್ರೈವ್ ಚುಚ್ಚಿ ಓದಿಸುವವರಿಗೆ ಇನ್ನೊಂದು ಬಗೆಯ ಮಾಯ ಪರಿಚಿತ. ಡ್ರೈವ್ ಕಾಣಿಸುತ್ತದೆ, ಡಿಸ್ಕ್ ತಿರುಗತೊಡಗಿದೊಡನೆ ಇಲ್ಲವಾಗುತ್ತದೆ. ಯುಎಸ್‌ಬಿ 2.0 ಕಿಂಡಿ ಕೊಡುವುದು 500 ಮಿಲಿಆಂಪಿಯರ್, ಮೋಟರು ವೇಗ ಹಿಡಿಯುವ ಗಳಿಗೆಯಲ್ಲಿ ಅದಕ್ಕಿಂತ ಹೆಚ್ಚು ಬೇಡಬಹುದು. ಎರಡು ಕಿಂಡಿಗೆ ಸೇರಿಸುವ ಕೇಬಲ್ ಸಾಕು.

ಈಗ ಡಬ್ಬಿಯ ಡಿಸ್ಕುಗಳಿಗೆ ಬರೋಣ. ಡಿಸ್ಕ್ ಹಾಕಿದಾಗ ಡ್ರೈವಿನ ಕಣ್ಣು ಮೊದಲು ಒಳಅಂಚಿಗೆ ಸರಿಯುತ್ತದೆ. ಅಲ್ಲಿನ ಲೀಡ್-ಇನ್ ಎಂಬ ಕಿರಿದಾದ ಉಂಗುರದಲ್ಲಿ ಡಿಸ್ಕಿನ ಪರಿವಿಡಿ ಇರುತ್ತದೆ. ಬರ್ನ್ ಮಾಡುವಾಗ ಸೆಷನ್ (ಒಂದು ಸಲಕ್ಕೆ ಬರೆದ ಭಾಗ) ಮುಚ್ಚದಿದ್ದರೆ ಈ ಪರಿವಿಡಿ ಬರೆದಿರುವುದೇ ಇಲ್ಲ. ಅಲ್ಲಿಯವರೆಗಿನ ಲೆಕ್ಕ ಇನ್ನೂ ಒಳಗಿನ ಒಂದು ತಾತ್ಕಾಲಿಕ ಪಟ್ಟಿಯಲ್ಲಿರುತ್ತದೆ. ಬರೆಯಬಲ್ಲ ಡ್ರೈವ್ ಆ ಪಟ್ಟಿಯನ್ನು ನೋಡಬಲ್ಲದು. ಓದಲಷ್ಟೇ ಬರುವ ಡ್ರೈವ್, ಟಿವಿ ಪಕ್ಕದ ವಿಸಿಡಿ ಪ್ಲೇಯರ್ ನೋಡಲಾರವು. ‘ಅಂಗಡ್ಯಾಗ ಓಡಿತ್ತರಿ, ಮನ್ಯಾಗ ತಗೊಳವಲ್ದು’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ. ಮೊದಲನೆಯ ಡಿಸ್ಕ್ ಅಂಥದು. ಬರೆಯುವ ಡ್ರೈವಿನಲ್ಲಿಟ್ಟು ಸೆಷನ್ ಮುಚ್ಚಿದರೆ ಸಾಕಾಗಿತ್ತು, ಆದರೂ ನಾನು ಮೊದಲು ಅದರ ಪ್ರತಿಬಿಂಬವನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಂಡೆ. ಏಕೈಕ ಪ್ರತಿಯ ಮೇಲೆ, ಮುಚ್ಚುವುದಕ್ಕಾದರೂ ಸರಿ, ಏನನ್ನೂ ಬರೆಯುವ ಮುನ್ನ ನಕಲು ಇರಲೇಬೇಕು ಎಂಬುದು ನನ್ನ ನಿಲುವು.

ಇದರ ಪಕ್ಕದಲ್ಲೇ ಬರುವ ಇನ್ನೊಂದು ತೊಡಕನ್ನೂ ಹೇಳಿಬಿಡುತ್ತೇನೆ. ಅದೇ ಡಿಸ್ಕಿಗೆ ಎರಡನೆಯ ಸಲ ಬರೆಯುವಾಗ ಹಳೆಯ ಸೆಷನ್ನನ್ನು ಜೋಡಿಸಿಕೊಳ್ಳದಿದ್ದರೆ ಹೊಸ ಫೈಲುಗಳು ಮಾತ್ರ ಕಾಣುತ್ತವೆ. ಹಳೆಯವು ಅಳಿದಿಲ್ಲ, ಮರೆಯಾಗಿವೆ. ಐಸೊಬಸ್ಟರಿನಂಥ ತಂತ್ರಾಂಶ ಸೆಷನ್ನುಗಳನ್ನು ಒಂದೊಂದಾಗಿ ತೆರೆದು ತೋರಿಸುತ್ತದೆ.

ಎರಡನೆಯದು ವಿಸಿಡಿ, ನನ್ನನ್ನು ಹೆಚ್ಚು ದಿನ ಕೂರಿಸಿದ್ದು ಅದೇ. ಪ್ಲೇಯರಿನಲ್ಲಿ ಹಾಕಿದರೆ ಚಿತ್ರ ಚೌಕಚೌಕವಾಗಿ ಒಡೆದರೂ ಭಜನೆ ಮುಂದುವರಿಯುತ್ತದೆ. ಕಂಪ್ಯೂಟರಿನಲ್ಲಿ ಅದರ ವಿಡಿಯೊ ಇರುವ ಡ್ಯಾಟ್ ಫೈಲನ್ನು ಕಾಪಿ ಮಾಡಹೋದರೆ ನಡುವೆ ನಿಂತು ದೋಷ ತೋರಿಸುತ್ತದೆ. ಕಾರಣ ವಿಸಿಡಿಯ ರಚನೆಯಲ್ಲೇ ಇದೆ. ಸಾಮಾನ್ಯ ದತ್ತಾಂಶದ ಸಿಡಿಯಲ್ಲಿ ಪ್ರತಿ ಸೆಕ್ಟರಿಗೆ 2048 ಬೈಟ್ ಮಾಹಿತಿ, ಜೊತೆಗೆ ತಪ್ಪು ತಿದ್ದಿಕೊಳ್ಳಲು ಹೆಚ್ಚುವರಿ ಸಂಕೇತ. ವಿಸಿಡಿಯ ವಿಡಿಯೊ ಸೆಕ್ಟರಿನಲ್ಲಿ 2324 ಬೈಟ್ ಮಾಹಿತಿ ತುಂಬಲು ಆ ಹೆಚ್ಚುವರಿ ಸಂಕೇತವನ್ನೇ ಬಿಟ್ಟಿದ್ದಾರೆ. ಒಂದು ಚುಕ್ಕೆ ಹೋದರೆ ನೋಡುವವನ ಕಣ್ಣು ಕ್ಷಮಿಸುತ್ತದೆ ಎಂಬುದು ಆ ಲೆಕ್ಕ. ಪ್ಲೇಯರ್ ಕೆಟ್ಟ ಸೆಕ್ಟರನ್ನು ಹಾರಿಕೊಂಡು ಮುಂದೆ ಹೋಗುತ್ತದೆ, ಕಾಪಿ ಆಜ್ಞೆ ಒಂದೇ ಸೆಕ್ಟರಿಗಾಗಿ ಇಡೀ ಫೈಲನ್ನು ಕೈಬಿಡುತ್ತದೆ. ಸೆಕ್ಟರುಗಳನ್ನು ಇದ್ದಂತೆಯೇ, ವೇಗ ತಗ್ಗಿಸಿ ಓದಿಸಿದಾಗ ಕೆಲವು ಕ್ಷಣಗಳ ತುಂಡು ಬಿಟ್ಟು ಭಜನೆ ಪೂರ್ತಿ ಬಂತು. ಒಂದು ಡ್ರೈವ್ ಬಿಟ್ಟ ಸೆಕ್ಟರನ್ನು ಮತ್ತೊಂದು ಓದಿದ್ದೂ ಉಂಟು, ಆದ್ದರಿಂದ ಎರಡು ಬೇರೆ ಡ್ರೈವ್ ಇಟ್ಟುಕೊಳ್ಳುವುದು ಒಳ್ಳೆಯದು.

ಕಾರ್ಖಾನೆಯಲ್ಲಿ ಅಚ್ಚೊತ್ತಿದ ಸಿನಿಮಾ ಸಿಡಿ ಸಲೀಸಾಗಿ ಓಡಿ, ಬರ್ನ್ ಮಾಡಿದ್ದು ಮಾತ್ರ ಓಡದಿದ್ದರೆ ಲೇಸರ್ ಸೋತಿರಬಹುದು, ಇಲ್ಲವೇ ಡಿಸ್ಕಿನ ಬಣ್ಣದ ಪದರ ಮಾಸಿರಬಹುದು. ಅಚ್ಚಿನ ಸಿಡಿ ಬಿದ್ದ ಬೆಳಕಿನ ಸುಮಾರು ಶೇಕಡಾ 70ರಷ್ಟನ್ನು ಹಿಂತಿರುಗಿಸುತ್ತದೆ. ಅಳಿಸಿ ಬರೆಯುವ ಸಿಡಿ-ಆರ್‌ಡಬ್ಲ್ಯೂ ಶೇಕಡಾ 15ರಿಂದ 25ರಷ್ಟನ್ನು ಮಾತ್ರ. ಸಿಡಿ ಓಡಿ ಡಿವಿಡಿ ಓಡದಿದ್ದರೆ ಆಶ್ಚರ್ಯ ಬೇಡ: ಸಿಡಿಗೆ 780 ನ್ಯಾನೊಮೀಟರಿನ ಲೇಸರ್, ಡಿವಿಡಿಗೆ 650ರದು, ಒಂದು ಹೋದರೂ ಇನ್ನೊಂದು ಬದುಕಿರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಬಣ್ಣದ ಪದರಕ್ಕೆ ಬಿಸಿಲೂ ಶಾಖವೂ ಶತ್ರುಗಳೇ. ಗೋಡೆಯ ಗೂಡು, ಮುಚ್ಚಿದ ಡಬ್ಬಿ ಎರಡೂ ಈ ಸಿಡಿಗಳಿಗೆ ಒಳ್ಳೆಯದನ್ನೇ ಮಾಡಿದ್ದವು. ಹಿರಿಯರಿಗೆ ಅದನ್ನು ಹೇಳಿದೆ.

ಮೂರನೆಯ ಡಿಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ಬೆಳಕು ಮೂರ್ನಾಲ್ಕು ಕಡೆ ಈಚೆಗೆ ಬರುತ್ತಿತ್ತು. ಹೊಳೆಯುವ ಬದಿ ಕನ್ನಡಿಯಂತೆ ಶುದ್ಧ. ಜೋಪಾನ ಮಾಡಿದ್ದು ಆ ಬದಿಯನ್ನು. ಹೆಸರು ಬರೆದ ಬದಿಯನ್ನು ಕೆಳಗೆ ಮಾಡಿ ಫರಸಿಯ ಮೇಲೆ ಇಡುತ್ತಿದ್ದರು. ಸಿಡಿಯಲ್ಲಿ ಮಾಹಿತಿಯ ಪದರ ಇರುವುದು ಹೆಸರು ಬರೆಯುವ ಬದಿಗೇ, ಅದರ ಮೇಲಿರುವುದು ಅರಗಿನಂಥ ತೆಳು ಲೇಪ ಮಾತ್ರ. 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಪೂರ್ತಿ ಹೊಳೆಯುವ ಬದಿಗಿದೆ, ಅಲ್ಲಿನ ಗೀರನ್ನು ಉಜ್ಜಿ ನಯ ಮಾಡಬಹುದು. ಮೇಲಿನ ಗೀರಿನಲ್ಲಿ ಕಳೆದದ್ದು ತಿರುಗಿ ಬಾರದು. ಡಿವಿಡಿಯಲ್ಲಿ ಪದರ 0.6 ಮಿಲಿಮೀಟರಿನ ಎರಡು ಹಾಳೆಗಳ ನಡುವೆ ಇರುವುದರಿಂದ ಈ ಅಪಾಯ ಕಡಿಮೆ.

ತೂತುಗಳಿಂದ ಆಚೆ ಉಳಿದ ಭಾಗವನ್ನು ಓದಿಸಿ ಆ ಮನೆಗೆ ಒಯ್ದೆ. ಡಿಸ್ಕಿನ ಮೇಲೆ ‘ಮೊಹರಂ’ ಎಂದು ಬರೆದಿತ್ತು. ಹಿರಿಯರು ಎರಡು ಸಾಲು ಕೇಳಿ ಕೈಯೆತ್ತಿ ನಿಲ್ಲಿಸಿದರು. ‘ಇದು ಮೊಹರಂ ಅಲ್ರಿ ಸರ್, ತಿಂಥಣಿ ಜಾತ್ರಿದು. ಏಕತಾರಿ ಹಿಡದಾವ ನಮ್ಮ ಕಾಕಾ.’ ನನ್ನ ವಹಿಯಲ್ಲಿ ಆ ನಮೂದನ್ನು ತಿದ್ದಿಕೊಂಡೆ. ಡಿಸ್ಕಿನ ಮೇಲಿನ ಬರಹವನ್ನು ಇದ್ದಂತೆಯೇ ಬಿಟ್ಟಿದ್ದೇನೆ. ಆ ಬದಿಗೆ ಇನ್ನು ಪೆನ್ನು ತಾಗಿಸಬಾರದು.